ಸಿದ್ಧರಾಮರ ಕೆರೆಯೂ ನಮ್ಮ ಊರ ಕೆರೆಯೂ

ಶಿವರಾತ್ರಿ ಕಳೆಯಿತೆಂದರೆ ಬಿಸಿಲಿಗೆ ಬಲ ಬರುವದು. ಹೋಳಿ ಹುಣ್ಣಿಮೆ, ಯುಗಾದಿ, ಬಸವ ಜಯಂತಿಗಳು ಒಂದರ ಹಿಂದೊಂದು ಬರುವವು. ಮಾವು ಬೇವುಗಳು ಚಿಗುರುವ ಈ ದಿನಗಳಲ್ಲಿಯೇ ನಮ್ಮ ಕೆರೆಗಳು ಇಳಿಯತೊಡಗುವವು. ವಸಂತವು ಮರಕ್ಕೆ ಏರುಗಾಲ, ನೀರಿಗೆ ಇಳಿಗಾಲ. ಆದುದರಿಂದ ಈ ಸಲದ ಪಾಠಕ್ಕೆ ಶಿವಯೋಗಿ ಸಿದ್ಧರಾಮರ ಕೆರೆಯ ಪ್ರಸಂಗವನ್ನು ಎತ್ತಿಕೊಂಡಿರುವೆವು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕರ್ಮಯೋಗಿಗಳೆಂದು ಖ್ಯಾತರು. ಸೊನ್ನಲಿಗೆಯೆಂದರೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ. ಅಲ್ಲಿ ಅವರು ಲಿಂಗಗಳನ್ನು ಸ್ಥಾಪಿಸಿದರು. ಲೋಕಹಿತಕ್ಕಾಗಿ ಕೆರೆಯನ್ನು ಕಟ್ಟಿಸಿದರು. ಅಲ್ಲಮಪ್ರಭುದೇವರು ಆ ಕೆರೆಯ ಕೆಲಸ ನಡೆದಿದ್ದಾಗಲೇ ಅಲ್ಲಿಗೆ ಬಂದರೆಂದು ಶೂನ್ಯಸಂಪಾದನೆಯು ಹೇಳುವದು. ಬಂದವರು ಸಿದ್ಧರಾಮರನ್ನು ಯೋಗಿಯೆಂದು ಕೇಳಲಿಲ್ಲ. ಕೆರೆ ತೋಡುವ ಒಡ್ಡನೆಂದು ಕೂಗಿ ಕೇಳಿದರು. ಕೆಲಸದವರು ಕೆರಳಿ ಅವರ ಮೇಲೆ ಕಲ್ಲೆಸೆದರು. ಮುಂದೆ ಗುರುಶಿಷ್ಯರಂತೆ ಸಂವಾದ ನಡೆದು, ಸಿದ್ಧರಾಮರು ಪ್ರಭುದೇವರೊಡನೆ ಕಲ್ಯಾಣಕ್ಕೆ ತೆರಳಿ, ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು.

ಪ್ರಭುದೇವರು ಕೆರೆಯನ್ನು ಜರಿದರೇ? ಇಲ್ಲ. ಮಣ್ಣು ಹೊರುವದು ಹೀನವೆಂದರೇ? ಅದೂ ಇಲ್ಲ, ಎಲ್ಲ ಕಾಯಕವನ್ನೂ ಸಮನಾಗಿ ಕಂಡವರು ಶರಣರು. ಅವರು ತಿವಿದದ್ದು 'ನಾನು ಕಟ್ಟಿದೆ' ಎಂಬ ಭಾವವನ್ನು. ಈ ಒಂದು ಮಾತನ್ನು ಚೆನ್ನಾಗಿ ಮನನ ಮಾಡಬೇಕು. ಕೆರೆಯನ್ನು ಕಟ್ಟುವದು ಒಂದು ಸಲದ ಕೆಲಸ; ಕಾಯುವದು ವರುಷವರುಷದ ಕೆಲಸ. ಕಟ್ಟಿದವನ ಹೆಸರು ಕಲ್ಲಿನಲ್ಲಿ ಉಳಿಯುವದು. ಕಾಯ್ದವನ ಹೆಸರು ಎಲ್ಲಿಯೂ ಉಳಿಯದು. ಸೊಲ್ಲಾಪುರದ ಸಿದ್ಧೇಶ್ವರ ಗುಡಿಯ ಸುತ್ತಲೂ ಇಂದಿಗೂ ನೀರು ನಿಂತಿರುವದಾದರೆ, ಹೆಸರಿಲ್ಲದ ಎಷ್ಟೋ ತಲೆಮಾರುಗಳು ಅದನ್ನು ಕಾಯ್ದುದೇ ಅದಕ್ಕೆ ಕಾರಣ. 'ನಾನು' ಅಳಿದ ಕಾಯಕವನ್ನು ಕಲಿಯಬೇಕೆನ್ನುವವರಿಗೆ ಕೆರೆ ಕಾಯುವದಕ್ಕಿಂತ ಮೇಲಾದ ಪಾಠವಿಲ್ಲ.

ಇನ್ನು ನಮ್ಮ ನೆಲವನ್ನು ನೋಡೋಣ. ಧಾರವಾಡ ಜಿಲ್ಲೆಯ ಕಲಘಟಗಿಯ ಸೀಮೆ ಅರೆಮಲೆನಾಡು; ಅಲ್ಲಿ ಮಳೆಯೂ ಹೆಚ್ಚು, ಕೆರೆಗಳೂ ಹೆಚ್ಚು. ಆ ತಾಲೂಕಿನಲ್ಲಿ ಹುಬ್ಬಳ್ಳಿಗೆ ನೀರು ಕೊಡಲೆಂದು ಕಟ್ಟಿದ ನೀರಸಾಗರವೂ 2016-17ರ ಬರದಲ್ಲಿ ಬತ್ತಿ ನಿಂತಿತು. ಹಾಗಾದರೆ ಮೂಡಣ ಬಯಲಿನ ಮಾತೇನು? ಕುಂದಗೋಳ, ಅಣ್ಣಿಗೇರಿ, ನವಲಗುಂದಗಳದು ಎರೆಭೂಮಿ. ಜೋಳ, ಕಡಲೆ, ಹತ್ತಿಗಳಿಗೆ ತಾಯಿಯಂಥ ನೆಲವಾದರೂ ತೋಡಿದಲ್ಲಿ ಬಹುತೇಕ ಸವುಳು ನೀರೇ ದೊರೆಯುವದು. ಆದುದರಿಂದಲೇ ಹಿರಿಯರು ಬಾವಿಯನ್ನು ನೆಚ್ಚದೆ ಕೆರೆಯನ್ನು ನೆಚ್ಚಿದರು. ನವಲಗುಂದದ ನೀಲಮ್ಮನ ಕೆರೆಯು ಬಹುಕಾಲದಿಂದ ಆ ಊರಿನ ಬಾಯಾರಿಕೆಯನ್ನು ತಣಿಸಿರುವದು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದ ಮೇಲೆ ಮಲಪ್ರಭೆಯ ಕಾಲುವೆಯ ನೀರು ಈ ಸೀಮೆಯ ಕೆರೆಗಳಿಗೂ ಒದಗಿತು. ಆದರೂ ಕಾಲುವೆ ಹರಿದಾಗ ತುಂಬಿಕೊಂಡ ನೀರು ಮುಂದಿನ ಸರದಿಯವರೆಗೆ ಊರನ್ನೆಲ್ಲ ಸಾಕಬೇಕು. ಇಂಥ ಕೆರೆಯಲ್ಲಿ ಒಬ್ಬನು ಮಾಡಿದ ತಪ್ಪನ್ನು ಊರೆಲ್ಲ ಕುಡಿಯಬೇಕಾಗುವದು. ಈ ಕಾಯಕವನ್ನು ಶುಚಿ, ಮಿತ, ಕಾಪು ಎಂದು ಮೂರಾಗಿ ವಿಂಗಡಿಸಿ ತಿಳಿಯಬಹುದು.

ಮೊದಲನೆಯದು ಶುಚಿ. ತುಂಬಿದ ಕೆರೆಯಲ್ಲಿ ಕಾಣದೆ ಹೋಗುವ ಹೊಲಸು ಇಳಿದ ಕೆರೆಯಲ್ಲಿ ಮಡುಗಟ್ಟಿ ನಿಲ್ಲುವದು. ಹೋಳಿಯ ದಿನಗಳಲ್ಲಿ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ದೂರದೂರದ ಜನರು ಬರುವರು. ಹಬ್ಬವು ಬೇಡವೆಂದು ಯಾರೂ ಹೇಳರು. ಆದರೆ ಆಡಿದ ಬಣ್ಣವನ್ನು ತೊಳೆಯಲು ಕುಡಿಯುವ ನೀರಿನ ಕೆರೆಗೆ ಇಳಿಯುವದು ತರವಲ್ಲ. ಇಂದು ಅಂಗಡಿಯಲ್ಲಿ ದೊರೆಯುವ ಬಣ್ಣಗಳಲ್ಲಿ ಎಷ್ಟೋ ರಸಾಯನಗಳು ಕೂಡಿರುವವು. ಬಟ್ಟೆಯಿಂದ ತೊಳೆದುಹೋದರೂ ಅವು ನೀರಿನಲ್ಲಿ ಉಳಿಯುವವು. ಅರಿಷಿಣವೂ ಈ ಋತುವಿನಲ್ಲಿಯೇ ಅರಳುವ ಮುತ್ತುಗದ ಹೂವೂ ಬಣ್ಣಕ್ಕೆ ಸಾಲವೇ? ಸ್ನಾನವನ್ನು ಮನೆಯಲ್ಲಿ ಎರಡು ಕೊಡ ನೀರಿನಲ್ಲಿ ಮುಗಿಸಬಹುದು. ಅಷ್ಟಾವರಣದಲ್ಲಿ ಪಾದೋದಕವೂ ಒಂದು. ಒಂದು ಹನಿಯೂ ನೆಲಕ್ಕೆ ಬೀಳದಂತೆ ಅಂಗೈಯಲ್ಲಿ ಅದನ್ನು ಸ್ವೀಕರಿಸುವ ಭಕ್ತನು, ಆ ನೀರು ಬಂದ ಕೆರೆಯಲ್ಲಿಯೇ ಬಂಡಿ ತೊಳೆದು ಎಮ್ಮೆ ಮೀಯಿಸಿದರೆ ಅವನ ಭಕ್ತಿಯು ಅಂಗೈಯಗಲಕ್ಕೇ ನಿಂತಂತಾಯಿತು. ನೀರು ತಳಕ್ಕೆ ಇಳಿದ ದಿನಗಳಲ್ಲಿ ಸೋಸಿ, ಕುದಿಸಿ, ಆರಿಸಿ ಕುಡಿಯಬೇಕು. ಮಕ್ಕಳಿರುವ ಮನೆಯಲ್ಲಂತೂ ಇದು ತಪ್ಪಲಾಗದು.

ಎರಡನೆಯದು ಮಿತ. ಅಯ್ದಕ್ಕಿ ಮಾರಯ್ಯನವರ ಕಾಯಕವು ಅಕ್ಕಿಯನ್ನು ಆಯ್ದು ತರುವದಾಗಿತ್ತು. ಒಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚು ತಂದರು. ಲಕ್ಕಮ್ಮನವರು ಅದನ್ನು ಕಂಡು, ಹೆಚ್ಚಿನದನ್ನು ಆಯ್ದಲ್ಲಿಯೇ ಚೆಲ್ಲಿ ಬರಲು ಗಂಡನನ್ನು ಮರಳಿ ಕಳುಹಿದರು. ಅಕ್ಕಿಗೆ ಸಂದ ಈ ನೀತಿಯು ನೀರಿಗೂ ಸಲ್ಲುವದು. ತೊಟ್ಟಿ ತುಂಬಿ ಹರಿದರೂ ನಳವನ್ನು ನಿಲ್ಲಿಸದ ಮನೆಯು ಹಿಂದಿನ ಓಣಿಯವರ ಪಾಲನ್ನು ತಿಂದಂತೆ. ಮಳೆಯ ಲೆಕ್ಕವನ್ನೂ ಮನೆಯ ಯಜಮಾನರು ಬಲ್ಲವರಾಗಿರಬೇಕು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುವದು. ವರುಷಕ್ಕೆ 600 ಮಿಲಿಮೀಟರ್ ಮಳೆಯಾದರೆ 50 ಚದರ ಮೀಟರ್ ಮಾಳಿಗೆಯ ಮೇಲೆ 30,000 ಲೀಟರ್ ಸಿಹಿನೀರು ಬೀಳುವದು. ಅದರಲ್ಲಿ ಅರ್ಧವನ್ನು ಹಿಡಿದಿಟ್ಟರೂ ಸವುಳು ಸೀಮೆಯ ಮನೆಗೆ ಅದು ಸಂಪತ್ತೇ ಸರಿ. ತೊಟ್ಟಿಯನ್ನು ಕಟ್ಟಲು, ಮಾಳಿಗೆಯನ್ನು ಹಸನು ಮಾಡಲು ತಕ್ಕ ಕಾಲವೆಂದರೆ ಮಳೆಗೆ ಮುಂಚಿನ ಈ ಎರಡು ತಿಂಗಳುಗಳೇ. ಉಳಿಸಿದ ನೀರಿನಲ್ಲಿ ಹಾದಿಹೋಕರಿಗೊಂದು ಅರವಟ್ಟಿಗೆ, ದನಕ್ಕೊಂದು ದೋಣಿ, ಹಕ್ಕಿಗೊಂದು ಪರಟೆ ಇಡುವದು ದಾಸೋಹವೇ ಆಗಿರುವದು.

ಮೂರನೆಯದು ಕಾಪು. ಇದನ್ನು ನಾವು ಎಲ್ಲಕ್ಕಿಂತ ಹೆಚ್ಚು ಮರೆತಿರುವೆವು. ರಾಜ್ಯ ಸರಕಾರವು 2014ರಲ್ಲಿ ಆರಂಭಿಸಿದ ಕೃಷಿಭಾಗ್ಯ ಯೋಜನೆಯಿಂದ ಮಳೆಯನ್ನೇ ನಂಬಿದ ಹೊಲಗಳಲ್ಲಿ ಕೃಷಿಹೊಂಡಗಳು ಹೆಚ್ಚಿದವು. ಪೈರಿಗೆ ಅವು ಪ್ರಾಣದಾಯಕವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವುಗಳ ಆಳ ಸಾಮಾನ್ಯವಾಗಿ 3 ಮೀಟರ್, ಎಂದರೆ ಹತ್ತು ಅಡಿಯಷ್ಟು. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ದಂಡೆಯು ನೀರು ತಾಗಿದೊಡನೆ ಜಾರುವದು. ಕೆರೆಗೆ ಬಿದ್ದವನಿಗೆ ಕಲ್ಲೋ ಬೇರೋ ಕೈಗೆ ಸಿಕ್ಕೀತು. ಇಲ್ಲಿ ಹಿಡಿಯಲು ಏನೂ ಇಲ್ಲ. ಈಜು ಬಲ್ಲವನೂ ಮೇಲಕ್ಕೆ ಹತ್ತಲಾರನು. ಶಾಲೆಗೆ ರಜೆಯಾದ ಬಿಸಿಲಿನ ದಿನ, ಹಿರಿಯರು ಮರದ ನೆರಳಿನಲ್ಲಿ ಒರಗಿದ ಹೊತ್ತು, ಕೈಕಾಲು ತೊಳೆಯಲು ಹೋದ ಮಗುವಿಗೆ ಒಂದು ಹೆಜ್ಜೆ ಸಾಕು. ಆದುದರಿಂದ ಹೊಂಡದ ಸುತ್ತಲೂ ಬೇಲಿ ಇರಬೇಕು. ಗಟ್ಟಿಯಾದ ಗೂಟಕ್ಕೆ ಕಟ್ಟಿದ ಗಂಟಿನ ಹಗ್ಗವು ನಾಲ್ಕೂ ಕಡೆ ನೀರಿನೊಳಗೆ ಇಳಿಬಿಟ್ಟಿರಬೇಕು. ಹಗ್ಗದ ಬೆಲೆ ಅಲ್ಪ, ಮಗುವಿಗೆ ಬೆಲೆಯುಂಟೇ?

ಕೆರೆಯ ಹೂಳನ್ನು ಹೊಲಕ್ಕೆ ಸಾಗಿಸುವದು ಒಳ್ಳೆಯ ರೂಢಿ. ಹೊಲಕ್ಕೆ ಸಾರ, ಕೆರೆಗೆ ಆಳ. ಆದರೆ ಮನಬಂದಲ್ಲಿ ಕಡಿದಾದ ಗುಂಡಿ ತೋಡಿ ಬಿಟ್ಟರೆ, ಮಳೆ ತುಂಬಿದ ಮೇಲೆ ಆ ಗುಂಡಿಯು ಕಣ್ಣಿಗೆ ಕಾಣದು. ಮೊಣಕಾಲುದ್ದದ ನೀರೆಂದು ಇಳಿದವನು ಮುಳುಗುವನು. ಇಳಿಜಾರಾಗಿ, ಊರ ಪಂಚರ ಗುರುತಿನಂತೆ ತೆಗೆಯಬೇಕು. ಹಳ್ಳದ ದಾರಿಯನ್ನೂ ಈಗಲೇ ಬಿಡಿಸಬೇಕು. ಬೇಸಿಗೆಯಲ್ಲಿ ಒಣಗಿ ಮಲಗಿದ ಬೆಣ್ಣೆಹಳ್ಳ ತುಪ್ಪರಿಹಳ್ಳಗಳು 2019ರ ಆಗಸ್ಟ್ ತಿಂಗಳಲ್ಲಿ ಹೇಗೆ ಉಕ್ಕಿದವೆಂಬುದನ್ನು ಕಂಡವರು ಮರೆತಿರಲಾರರು.

ಯಾರಾದರೂ ನೀರಿಗೆ ಬಿದ್ದರೆ, ಈಜು ಬಾರದವರು ಧುಮುಕಬಾರದು. ಒಂದು ಸಾವು ಎರಡಾಗುವದು. ಹಗ್ಗ, ಧೋತರ, ಸೀರೆ, ಬಿದಿರು ಯಾವುದು ಕೈಗೆ ಬರುವದೋ ಅದನ್ನು ಚಾಚಬೇಕು. ಮೇಲೆತ್ತಿದವನಿಗೆ ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಯೊಳಗೆ ಕಾಣುವ ಕೆಸರನ್ನು ತೆಗೆದು, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ, ಎದೆಯ ನಡುವೆ ಒತ್ತುತ್ತ, 108ಕ್ಕೆ ಕರೆ ಹೋಗುವಂತೆ ಮಾಡಬೇಕು. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಜೀವ ಬರುವದೆಂಬ ಸುಳ್ಳೊಂದು ಮೊಬೈಲುಗಳಲ್ಲಿ ಹರಿದಾಡಿ, ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ತಂದೆತಾಯಿಗಳು ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾಯ್ದರು. ಅವರ ದುಃಖವನ್ನು ಯಾರೂ ನಗಬಾರದು. ಆದರೆ ಮೂಢನಂಬಿಕೆಯನ್ನು ಅಲ್ಲಗಳೆದ ಶರಣರ ಮಕ್ಕಳಾದ ನಾವು ಇಂಥ ಸುಳ್ಳನ್ನು ನೆರೆಯವರಿಗೆ ತಿಳಿಹೇಳದಿದ್ದರೆ ಅದು ನಮ್ಮ ಲೋಪವಾಗುವದು. ಉಪ್ಪು ಉಸಿರನ್ನು ತರಲಾರದು. ಕಳೆದ ನಿಮಿಷವೂ ಮರಳಿ ಬಾರದು.

ಶರಣಬಂಧುಗಳೇ, ಈ ವರುಷದ ಬಸವ ಜಯಂತಿಯೊಳಗಾಗಿ ಪ್ರತಿಯೊಂದು ಮನೆಯವರು ಊರ ಕೆರೆಯ ದಂಡೆಯನ್ನು ಒಮ್ಮೆ ಸುತ್ತಿ ಬರಲಿ. ಒಡೆದ ಕಟ್ಟೆಯನ್ನು ಕಂಡವರು ಪಂಚಾಯತಿಗೆ ತಿಳಿಸಲಿ. ಹೊಂಡವುಳ್ಳವರು ಹಗ್ಗವನ್ನು ಕಟ್ಟಲಿ. ಇದಕ್ಕೆ ಫಲಕ ಬೇಡ, ಹಾರ ಬೇಡ. ನಾವು ಕಟ್ಟಿದ ಹಗ್ಗವನ್ನು ಯಾರ ಮಗುವು ಎಂದು ಹಿಡಿದೀತೋ ನಮಗೆ ತಿಳಿಯದು. ಆ ಮಗುವಿಗೂ ನಮ್ಮ ಹೆಸರು ತಿಳಿಯದು. ಪ್ರಭುದೇವರು ಸಿದ್ಧರಾಮರಿಗೆ ಕೆರೆಯ ದಂಡೆಯ ಮೇಲೆ ಕಲಿಸಿದ ಪಾಠವು ಇದೇ ಆಗಿರುವದು.