ಹಿಮ ಸುರಿದರೆ ಶಾಲೆಗೆ ಬೀಗ ಹಾಕಬೇಕೇ?

ನ್ಯೂಯಾರ್ಕಿಗೆ ಹೊಸದಾಗಿ ಬಂದ ನಮ್ಮವರು ಮೊದಲ ಹಿಮಗಾಳಿಗೇ ಸಿಡಿಮಿಡಿಗೊಳ್ಳುತ್ತಾರೆ: "ಇಷ್ಟು ಸುರೀತಿದ್ರೂ ಶಾಲೆಗೆ ರಜೆ ಕೊಡಲ್ವಲ್ಲ!" ಸ್ವಲ್ಪ ತಾಳಿ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸುಮಾರು 9 ಲಕ್ಷ ಮಕ್ಕಳಿದ್ದಾರೆ. ಎಷ್ಟೋ ಮಕ್ಕಳಿಗೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ಶಾಲೆಯಲ್ಲೇ. ಬಿಸಿಯೂಟದ ಬೆಲೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಸ್ಪತ್ರೆ, ಹೋಟೆಲುಗಳಲ್ಲಿ ದುಡಿಯುವ ಅಪ್ಪ ಅಮ್ಮಂದಿರಿಗೆ ಹಿಮದ ದಿನವೂ ರಜೆಯಿಲ್ಲ. ಮಗುವನ್ನು ಯಾರ ಬಳಿ ಬಿಡುವುದು?

ಹಾಗಂತ ತೆರೆದಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 2014ರ ಫೆಬ್ರುವರಿ 13ರಂದು ಹಿಮ ಸುರಿಯುತ್ತಿದ್ದರೂ ಆಗಿನ ಮೇಯರ್ ಬಿಲ್ ಡಿ ಬ್ಲಾಸಿಯೊ ಶಾಲೆ ನಡೆಸಿಯೇ ಬಿಟ್ಟರು. ಅರ್ಧದಷ್ಟು ಮಕ್ಕಳೂ ಬರಲಿಲ್ಲ, ಊರೆಲ್ಲ ಬೈಯಿತು. ಸರಿಯಾಗಿ ಹತ್ತು ವರ್ಷಕ್ಕೆ, ಅದೇ ತಾರೀಖು, ಹಿಮದ ದಿನ ನಗರಾಡಳಿತ ಕಟ್ಟಡ ಮುಚ್ಚಿ ಆನ್‌ಲೈನ್ ಪಾಠ ಇಟ್ಟಿತು. ಬೆಳಿಗ್ಗೆ ಲಾಗಿನ್ ಆಗದೆ ಮನೆಮನೆಯಲ್ಲೂ ಪರದಾಟ!

ನನ್ನ ಮಟ್ಟಿಗೆ, ಬಸ್ಸು ಓಡದಷ್ಟು ಹಿಮವಿದ್ದರೆ ಮುಚ್ಚಲಿ, ಆದರೆ ಹಿಂದಿನ ಸಂಜೆಯೇ ತಿಳಿಸಲಿ. ಶಾಲೆ ತೆರೆದಿದೆ ಎಂದ ಮಾತ್ರಕ್ಕೆ ನೀವು ಕಳಿಸಲೇಬೇಕೆಂದಿಲ್ಲ. ನಿಮ್ಮ ಬೀದಿಯ ಹಿಮ ಬಳಿದಿಲ್ಲವೇ, ಕಾಲಡಿ ಜಾರುವ ಮಂಜುಗಡ್ಡೆಯೇ? ಶಾಲೆಗೆ ಫೋನು ಮಾಡಿ ತಿಳಿಸಿ, ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಿ. ಆನ್‌ಲೈನ್ ಪಾಠವಾದರೆ, ಲ್ಯಾಪ್‌ಟಾಪ್ ಚಾರ್ಜು, ಪಾಸ್‌ವರ್ಡ್ ರಾತ್ರಿಯೇ ನೋಡಿಡಿ. ಪಕ್ಕದ ಮನೆಯ ತಾಯಿ ಕೆಲಸಕ್ಕೆ ಹೊರಟಿದ್ದರೆ, "ಪಾಪುನ ಇಲ್ಲೇ ಬಿಟ್ಟು ಹೋಗಿ" ಅನ್ನಿ.