ಹತ್ತಕ್ಕೆ ಎಂಟು ಅಂಕ ಕೊಟ್ಟವರು ಯಾರು?

ಕಳೆದ ತಿಂಗಳು ಈ ಪುಟದಲ್ಲಿ ‘ನಿಮ್ಮ ಡ್ರೈವಿಂಗ್‌ಗೆ ಹತ್ತಕ್ಕೆ ಎಷ್ಟು ಅಂಕ ಕೊಟ್ಟುಕೊಳ್ಳುತ್ತೀರಿ?’ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಟು, ಒಂಬತ್ತು. ಆರಕ್ಕಿಂತ ಕೆಳಗಿಳಿದವರನ್ನು ಹುಡುಕಬೇಕಾಯಿತು. ಅವರಲ್ಲೂ ಹಲವರು ಮೊನ್ನೆ ಮೊನ್ನೆ ಎಲ್‌ಎಲ್‌ಆರ್ ಮಾಡಿಸಿದವರು. ಎಲ್ಲರೂ ಇಷ್ಟು ಚೆನ್ನಾಗಿ ಗಾಡಿ ಓಡಿಸುವುದಾದರೆ ದಿನಾ ಬೆಳಿಗ್ಗೆ ರಾಂಗ್ ಸೈಡಿನಲ್ಲಿ ಎದುರಾಗುವವರು ಯಾವ ಊರಿಂದ ಬರುತ್ತಾರೋ!

ಪತ್ರ ಬರೆದವರು ಸುಳ್ಳು ಹೇಳಿದ್ದಾರೆ ಎನ್ನುತ್ತಿಲ್ಲ. ಅಂಕ ಹಾಕಿಕೊಂಡ ರೀತಿ ಸರಿಯಿಲ್ಲ. ಸೋಫಾದ ಮೇಲೆ ಕೂತು, ನೆನಪಿಗೆ ಬಂದಷ್ಟನ್ನು ಇಟ್ಟುಕೊಂಡು ಹಾಕಿದ ಅಂಕ ಅದು. ಗಾಡಿ ಓಡುತ್ತಿರುವಾಗ, ಎಣಿಸಿ ಹಾಕಬೇಕು. ಒಂದು ವಾರದ ಕೆಲಸ. ಒಂದು ಹಾಳೆ, ಒಂದು ಪೆನ್ನು, ಪಕ್ಕದ ಸೀಟಿನಲ್ಲಿ ಕೂರಲು ಮುಲಾಜಿಲ್ಲದ ಒಬ್ಬರು ಇದ್ದರೆ ಸಾಕು.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. 1981ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಓಲಾ ಸ್ವೆನ್ಸನ್ ತಮ್ಮ ದೇಶದ ಮತ್ತು ಅಮೆರಿಕದ ಕೆಲವು ವಿದ್ಯಾರ್ಥಿಗಳನ್ನು ಇಂಥದೇ ಪ್ರಶ್ನೆ ಕೇಳಿದ್ದರು. ಅಮೆರಿಕದವರಲ್ಲಿ ಶೇ 93, ಸ್ವೀಡನ್ನಿನವರಲ್ಲಿ ಶೇ 69 ಮಂದಿ ಚಾಲನಾ ಕೌಶಲದಲ್ಲಿ ತಾವು ಮೇಲಿನ ಅರ್ಧದಲ್ಲಿದ್ದೇವೆ ಎಂದರು. ಮೇಲಿನ ಅರ್ಧದಲ್ಲಿ ಅರ್ಧ ಜನರಿಗಷ್ಟೇ ಜಾಗ. ಅದಕ್ಕೂ ಮೊದಲು, 1965ರಲ್ಲಿ, ಪ್ರೆಸ್ಟನ್ ಮತ್ತು ಹ್ಯಾರಿಸ್ ಎಂಬ ಸಂಶೋಧಕರು ಅಪಘಾತವಾಗಿ ಆಸ್ಪತ್ರೆ ಸೇರಿದ್ದ ಚಾಲಕರನ್ನೂ ಅಪಘಾತ ಮಾಡಿಕೊಳ್ಳದವರನ್ನೂ ಹೋಲಿಸಿ ನೋಡಿದ್ದರು. ಪೊಲೀಸ್ ದಾಖಲೆಯ ಪ್ರಕಾರ ಆಸ್ಪತ್ರೆ ಸೇರಿದವರಲ್ಲಿ ಬಹುಪಾಲು ಮಂದಿಯದು ತಮ್ಮದೇ ತಪ್ಪು. ಆದರೂ ಎರಡೂ ಗುಂಪಿನವರು ತಮಗೆ ತಾವು ಕೊಟ್ಟುಕೊಂಡ ಅಂಕ ಹೆಚ್ಚುಕಡಿಮೆ ಒಂದೇ. ನಮ್ಮ ದೇಶದ ಲೆಕ್ಕವೂ ಒಂದಿರಲಿ: 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವಿಗೆ ಕಾರಣ ಅತಿವೇಗ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ.

ಹೆಜ್ಜೆ 1: ಕೈಚಳಕವನ್ನು ಲೆಕ್ಕದಿಂದ ತೆಗೆದುಬಿಡಿ

ಇಕ್ಕಟ್ಟಾದ ಗಲ್ಲಿಯಲ್ಲಿ ಒಂದೇ ಏಟಿಗೆ ರಿವರ್ಸ್ ತೆಗೆಯುವುದು, ಘಾಟಿಯಲ್ಲಿ ಲಾರಿಗಳನ್ನು ಸಾಲಾಗಿ ಓವರ್‌ಟೇಕ್ ಮಾಡುವುದು, ಆರ್‌ಟಿಒ ಟ್ರ್ಯಾಕ್‌ನಲ್ಲಿ ಕಾಲು ಕೆಳಗಿಡದೆ ಎಂಟು ಹಾಕುವುದು, ಇವೆಲ್ಲ ಕೈಚಳಕ. ನಾವು ಅಂಕ ಹಾಕಿಕೊಳ್ಳುವುದು ಇದಕ್ಕೇ. ಆದರೆ ರಸ್ತೆಯಲ್ಲಿ ಜೀವ ಉಳಿಸುವುದು ಅಭ್ಯಾಸ. ಎಷ್ಟು ದೂರ ಬಿಡುತ್ತೀರಿ, ಯಾವಾಗ ಇಂಡಿಕೇಟರ್ ಹಾಕುತ್ತೀರಿ, ಫೋನು ಎಲ್ಲಿರುತ್ತದೆ ಎನ್ನುವಂಥ ಸಪ್ಪೆ ವಿಷಯಗಳು. ನನ್ನ ಅನುಭವದಲ್ಲಿ ಕೈಚಳಕ ಚೆನ್ನಾಗಿರುವವರ ಪಕ್ಕದಲ್ಲಿ ಕೂರುವುದೇ ಹೆಚ್ಚು ಭಯ. ಅವರು ತಮ್ಮ ಕೈಯನ್ನು ನಂಬಿ ಬ್ರೇಕಿಗೆ ಜಾಗವನ್ನೇ ಉಳಿಸಿಕೊಂಡಿರುವುದಿಲ್ಲ.

‘ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀನಿ, ಒಂದೂ ಆಕ್ಸಿಡೆಂಟ್ ಇಲ್ಲ’ ಎಂಬ ಸಾಲನ್ನೂ ಹೊಡೆದುಹಾಕಿ. ಆ ಇಪ್ಪತ್ತು ವರ್ಷದಲ್ಲಿ ಎದುರಿನವರು ಎಷ್ಟು ಸಲ ಬ್ರೇಕ್ ಹಾಕಿ ನಿಮ್ಮನ್ನು ಉಳಿಸಿದ್ದಾರೆ ಎಂಬುದು ನಿಮ್ಮ ನೆನಪಿನಲ್ಲಿರುವುದಿಲ್ಲ, ಅವರ ನೆನಪಿನಲ್ಲಿರುತ್ತದೆ. ಸಿಗ್ನಲ್ ಜಂಪ್ ಮಾಡಿ ಏನೂ ಆಗದೆ ದಾಟಿದರೆ ಮನಸ್ಸು ಅದನ್ನು ತಪ್ಪು ಎಂದು ಬರೆದುಕೊಳ್ಳುವುದಿಲ್ಲ, ಜಾಣತನ ಎಂದು ಬರೆದುಕೊಳ್ಳುತ್ತದೆ.

ಹೆಜ್ಜೆ 2: ಹಳೆಯ ದಾಖಲೆ ತೆಗೆಯಿರಿ

ಸಂಚಾರ ಪೊಲೀಸರ ಜಾಲತಾಣದಲ್ಲೋ ಕೇಂದ್ರ ಸರ್ಕಾರದ ಇ-ಚಲನ್ ಪುಟದಲ್ಲೋ ಗಾಡಿ ನಂಬರ್ ಹಾಕಿ ಬಾಕಿ ದಂಡ ನೋಡಿ. ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲೂ ವಿಚಾರಿಸಬಹುದು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಸಿಕ್ಕಾಗ ಜನ ಮುಗಿಬಿದ್ದರಲ್ಲ, ತಮ್ಮ ಹೆಸರಿನಲ್ಲಿ ಇಷ್ಟೊಂದು ಕೇಸು ಇದೆ ಎಂಬುದೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ದಂಡ ಬೀಳುವುದು ಗಾಡಿ ನಂಬರಿಗೆ. ಸ್ಕೂಟರ್ ಮಗನ ಕೈಯಲ್ಲಿದ್ದರೆ ಆ ಲೆಕ್ಕ ಅವನಿಗೆ ಹೋಗಲಿ. ನಿಮ್ಮದು ಯಾವುದು ಎಂದು ದಿನಾಂಕ, ಜಾಗ ನೋಡಿದರೆ ತಿಳಿಯುತ್ತದೆ.

ಆಮೇಲೆ ಹಗಲಿನಲ್ಲಿ ಕಾರನ್ನು ಒಂದು ಸುತ್ತು ಹಾಕಿ. ಎಡಗಡೆಯ ಹಿಂಬಾಗಿಲ ಕೆಳಗೆ ಗೀರು, ಬಂಪರಿನ ಮೂಲೆಯಲ್ಲಿ ಬೇರೆ ಗಾಡಿಯ ಬಣ್ಣ, ಒಳಕ್ಕೆ ಮಡಚಿ ಸಡಿಲವಾದ ಸೈಡ್ ಮಿರರ್. ಪ್ರತಿಯೊಂದಕ್ಕೂ ‘ಅದು ಅವನದೇ ತಪ್ಪು’ ಎಂಬ ಕಥೆ ನಿಮ್ಮ ಬಳಿ ಸಿದ್ಧ ಇರುತ್ತದೆ. ಕಥೆ ಬೇಡ, ಎಷ್ಟು ಎಂದು ಮಾತ್ರ ಬರೆದಿಡಿ.

ಹೆಜ್ಜೆ 3: ಐದೇ ವಿಷಯ, ಒಂದು ವಾರ

ದಿನಾ ಹೋಗುವ ದಾರಿಯನ್ನೇ ಆರಿಸಿಕೊಳ್ಳಿ. ಹೊಸ ದಾರಿಯಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಎಣಿಸಬೇಕಾದ್ದು ಐದು: ಗಕ್ಕೆಂದು ಹಾಕಿದ ಬ್ರೇಕು, ಇಂಡಿಕೇಟರ್ ಇಲ್ಲದೆ ತಿರುಗಿದ್ದು ಅಥವಾ ಲೇನ್ ಬದಲಿಸಿದ್ದು, ವೇಗದ ಮಿತಿ ದಾಟಿದ್ದು, ಫೋನು ಮುಟ್ಟಿದ್ದು (ಕೆಂಪು ಸಿಗ್ನಲ್‌ನಲ್ಲಿ ಮುಟ್ಟಿದ್ದೂ ಸೇರಿ), ಮುಂದಿನ ಗಾಡಿಗೆ ಬಿಟ್ಟ ಅಂತರ. ಹಾರ್ನನ್ನು ಉದ್ದೇಶಪೂರ್ವಕವಾಗಿಯೇ ಸೇರಿಸಿಲ್ಲ. ಸೇರಿಸಿದರೆ ಹಾಳೆ ಸಾಲುವುದಿಲ್ಲ.

ಓಡಿಸುವವರು ಬರೆಯಲೇಬಾರದು. ಪಕ್ಕದಲ್ಲಿ ಕೂತವರು ಪ್ರತಿ ತಪ್ಪಿಗೂ ಒಂದು ಗೀಟು ಎಳೆಯಲಿ, ಐದನೆಯದನ್ನು ಅಡ್ಡ ಎಳೆಯಲಿ. ಈ ಕೆಲಸಕ್ಕೆ ಎಂಟನೆಯದೋ ಒಂಬತ್ತನೆಯದೋ ಕ್ಲಾಸಿನ ಮಕ್ಕಳಷ್ಟು ಒಳ್ಳೆಯವರು ಇನ್ನಿಲ್ಲ. ಅಪ್ಪನ ತಪ್ಪನ್ನು ಎಣಿಸು ಎಂದು ಅಪ್ಪನೇ ಪೆನ್ನು ಕೊಟ್ಟರೆ ಯಾವ ಮಗುವೂ ಕಿಟಕಿಯಿಂದಾಚೆ ನೋಡುವುದಿಲ್ಲ. ಮೊದಲ ಎರಡು ದಿನದ ಲೆಕ್ಕವನ್ನು ಬಿಟ್ಟುಬಿಡಿ. ಯಾರೋ ನೋಡುತ್ತಿದ್ದಾರೆಂದು ಮೈಯೆಲ್ಲ ಕಣ್ಣಾಗಿರುತ್ತೀರಿ. ನಿಜವಾದ ಅಭ್ಯಾಸ ಹೊರಬರುವುದು ಮೂರನೇ ದಿನದಿಂದ, ಅದರಲ್ಲೂ ಹತ್ತು ನಿಮಿಷ ತಡವಾಗಿ ಮನೆ ಬಿಟ್ಟ ದಿನ.

ವೇಗದ ವಿಷಯದಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯವರಿಗೆ ಒಂದು ಮಾತು. ಅಲ್ಲಿ ಮಿತಿ ಗಂಟೆಗೆ 100 ಕಿ.ಮೀ. ಕ್ಯಾಮೆರಾ ಕಂಬ ಹತ್ತಿರ ಬಂದಾಗ ಬ್ರೇಕ್, ದಾಟಿದ ಮೇಲೆ ಮತ್ತೆ ತುಳಿತ ಎನ್ನುವವರಿಗೆ ಎರಡು ಗೀಟು: ಒಂದು ವೇಗಕ್ಕೆ, ಒಂದು ಬ್ರೇಕಿಗೆ. ಸುಮಾರು 119 ಕಿ.ಮೀ. ದಾರಿಯನ್ನು 100ರ ಬದಲು 120ರಲ್ಲಿ ಹೋದರೂ ಉಳಿಯುವುದು ಹನ್ನೆರಡು ನಿಮಿಷ. ಬೆಂಗಳೂರಿನ ಕಡೆ ಬರುವವರಾದರೆ ಕೆಂಗೇರಿಯಲ್ಲೇ ಅದು ಕರಗಿಹೋಗುತ್ತದೆ.

ಹೆಜ್ಜೆ 4: ಅಂತರ ಎಣಿಸುವುದು (ಇಲ್ಲೇ ಎಲ್ಲರೂ ಎಡವುವುದು)

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ‘ಮೂರು ಸೆಕೆಂಡಿನ ಅಂತರ ಬಿಡುತ್ತೇನೆ’ ಎಂದು ಪತ್ರದಲ್ಲಿ ಬರೆದವರು ಬಹಳ ಮಂದಿ. ಅಂಥ ಕೆಲವರ ಪಕ್ಕದಲ್ಲಿ ಕೂತು ನೋಡಿದ್ದೇನೆ. ಒಂದು ಸೆಕೆಂಡು, ಹೆಚ್ಚೆಂದರೆ ಒಂದೂವರೆ. ಅವರೂ ಎಣಿಸುತ್ತಾರೆ, ಆದರೆ ‘ಒಂದ್ ಎರಡ್ ಮೂರ್’ ಎಂದು ಒಂದೇ ಉಸಿರಿಗೆ. ಅಷ್ಟಕ್ಕೆ ಒಂದು ಸೆಕೆಂಡು ಸಾಕು.

ಎಣಿಸುವ ಕ್ರಮ ಹೀಗೆ. ಹೊರಡುವ ಮುಂಚೆ, ಗಾಡಿ ನಿಂತಿರುವಾಗಲೇ, ಫೋನಿನ ಸ್ಟಾಪ್‌ವಾಚ್ ಹಾಕಿಕೊಂಡು ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎಂದು ಬಾಯಿಬಿಟ್ಟು ಹೇಳಿ ನೋಡಿ. ಅವಸರವಿಲ್ಲದೆ ಹೇಳಿದರೆ ಒಂದೊಂದಕ್ಕೂ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಆ ಲಯ ನಾಲಿಗೆಗೆ ಹತ್ತುವವರೆಗೆ ಹೇಳಿ, ಆಮೇಲೆ ಫೋನ್ ಒಳಗಿಡಿ. ರಸ್ತೆಗಿಳಿದ ಮೇಲೆ ಮುಂದೆ ಕಾಣುವ ಒಂದು ಗುರುತು ಹಿಡಿಯಿರಿ: ಕಿಲೋಮೀಟರ್ ಕಲ್ಲು, ಬೋರ್ಡಿನ ಕಂಬ, ಮೇಲ್ಸೇತುವೆಯ ನೆರಳು ಯಾವುದಾದರೂ ಸರಿ. ಮುಂದಿನ ಗಾಡಿಯ ಹಿಂದಿನ ಬಂಪರ್ ಆ ಗುರುತು ದಾಟಿದ ಕ್ಷಣ ಎಣಿಕೆ ಶುರು. ನಿಮ್ಮ ಬಾನೆಟ್ಟಿನ ಮೂತಿ ಅದೇ ಗುರುತಿಗೆ ಬಂದಾಗ ಮುಕ್ತಾಯ. ‘ಸಾವಿರದ ಮೂರು’ ಪೂರ್ತಿ ಹೇಳಿ ಮುಗಿಸುವ ಮೊದಲೇ ಗುರುತು ಬಂತೆಂದರೆ ಅಂತರ ಸಾಲದು.

ಇಲ್ಲೂ ಎರಡು ತಪ್ಪು. ಕೆಲವರು ಮುಂದಿನ ಗಾಡಿ ಪೂರ್ತಿ ದಾಟುವ ಮೊದಲೇ, ಅದರ ಮುಂಭಾಗ ಗುರುತಿಗೆ ಬಂದಾಗಲೇ ಎಣಿಸತೊಡಗುತ್ತಾರೆ. ಮುಂದಿರುವುದು ಉದ್ದನೆಯ ಟ್ರೇಲರ್ ಆದರೆ ಎಣಿಕೆಯ ಒಂದು ಪಾಲು ಅದರ ಉದ್ದಕ್ಕೇ ಹೋಗುತ್ತದೆ. ಇನ್ನು ಕೆಲವರು ಎಣಿಸುತ್ತಿರುವಾಗಲೇ ಮೆಲ್ಲಗೆ ಎಕ್ಸಿಲರೇಟರ್ ಬಿಟ್ಟು ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಪಕ್ಕದವರು ಹೇಳಿದಾಗ ಮಾತ್ರ, ಹೇಳಿದ ತಕ್ಷಣ ಎಣಿಸಿದರೆ ಆ ಕಳ್ಳಾಟ ನಡೆಯುವುದಿಲ್ಲ.

ಮೂರೇ ಸೆಕೆಂಡು ಏಕೆ? 80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮುಂದೆ ಏನೋ ಆಯಿತೆಂದು ಕಣ್ಣಿಗೆ ಕಂಡು, ಕಾಲು ಬ್ರೇಕಿಗೆ ಬರಲು ಒಂದರಿಂದ ಒಂದೂವರೆ ಸೆಕೆಂಡು ಬೇಕು. ಒಂದು ಸೆಕೆಂಡಿನ ಅಂತರದಲ್ಲಿರುವವರು ಬ್ರೇಕ್ ಮುಟ್ಟುವ ಹೊತ್ತಿಗೆ ಆ ಅಂತರ ಖಾಲಿ. ‘ಅವನು ಬ್ರೇಕ್ ಹಾಕಿದರೆ ನಾನೂ ಹಾಕ್ತೀನಿ, ಇಬ್ಬರೂ ಒಟ್ಟಿಗೇ ನಿಲ್ತೀವಿ’ ಎಂಬ ವಾದ ಕೇಳಿದ್ದೇನೆ. ಮುಂದಿನವನು ಬ್ರೇಕ್ ಹಾಕಿಯೇ ನಿಲ್ಲುತ್ತಾನೆ ಎಂದು ಬರೆದುಕೊಟ್ಟವರು ಯಾರು? ಲೈಟಿಲ್ಲದೆ ನಿಂತ ಲಾರಿಯನ್ನು ಕೊನೇ ಗಳಿಗೆಯಲ್ಲಿ ನೋಡಿ ಅವನು ಪಕ್ಕಕ್ಕೆ ಹೊರಳಿಕೊಂಡರೆ ನಿಮ್ಮ ಎದುರಿಗೆ ಉಳಿಯುವುದು ಆ ಲಾರಿ. 100ರ ವೇಗದಲ್ಲಿ ಮೂರು ಸೆಕೆಂಡು ಎಂದರೆ 83 ಮೀಟರ್, ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ಒಂದರ ಹಿಂದೊಂದು ಏಳು ನಿಲ್ಲಿಸಿದಷ್ಟು ಜಾಗ. ಮಳೆಯಲ್ಲಿ ಇನ್ನೂ ಒಂದು ಸೆಕೆಂಡು ಸೇರಿಸಿ.

‘ಅಷ್ಟು ಜಾಗ ಬಿಟ್ಟರೆ ಇನ್ನೊಬ್ಬ ನುಗ್ಗುತ್ತಾನೆ’ ಎನ್ನುತ್ತೀರಿ. ಹೌದು, ನುಗ್ಗುತ್ತಾನೆ. ನುಗ್ಗಲಿ. ಎಕ್ಸಿಲರೇಟರ್ ಸ್ವಲ್ಪ ಬಿಟ್ಟು ಮತ್ತೆ ಅಂತರ ಮಾಡಿಕೊಳ್ಳಿ, ನಷ್ಟ ಎರಡು-ಮೂರು ಸೆಕೆಂಡು. ಹತ್ತು ಜನ ನುಗ್ಗಿದರೂ ಅರ್ಧ ನಿಮಿಷ. ಇದನ್ನು ಮರ್ಯಾದೆ ಪ್ರಶ್ನೆ ಮಾಡಿಕೊಂಡು ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗುವವರು ಉಳಿದ ನಾಲ್ಕು ವಿಷಯದಲ್ಲಿ ಎಷ್ಟೇ ಅಂಕ ತೆಗೆದುಕೊಂಡಿರಲಿ, ಅವರ ಕಾರಿನಲ್ಲಿ ನಾನು ಕೂರಲಾರೆ. ಸಿಲ್ಕ್ ಬೋರ್ಡಿನ ಆಮೆ ನಡಿಗೆಯಲ್ಲಿ ಮೂರು ಸೆಕೆಂಡು ಆಗದ ಮಾತು, ಒಪ್ಪುತ್ತೇನೆ. ಅಲ್ಲಿ ನಿಂತಾಗ ಮುಂದಿನ ಗಾಡಿಯ ಹಿಂದಿನ ಟೈರು ರಸ್ತೆಗೆ ತಾಗುವ ಜಾಗ ನಿಮ್ಮ ಸೀಟಿನಿಂದ ಕಂಡರೆ ಸಾಕು.

ಹೆಜ್ಜೆ 5: ಪಕ್ಕದವರನ್ನು ಕೇಳುವ ರೀತಿ

‘ಅಮ್ಮಾ, ನಾನು ಹೇಗೆ ಓಡಿಸ್ತೀನಿ?’ ಎಂದು ಕೇಳಿದರೆ ‘ನಿನಗೇನಪ್ಪಾ, ಚೆನ್ನಾಗೇ ಓಡಿಸ್ತೀಯ, ಸ್ವಲ್ಪ ನಿಧಾನ ಹೋದ್ರೆ ಆಯ್ತು’ ಎಂಬ ಉತ್ತರ ಬರುತ್ತದೆ. ಅಂಕ ಇರುವುದು ಆ ಎರಡನೇ ಭಾಗದಲ್ಲಿ. ಅಭಿಪ್ರಾಯ ಕೇಳುವ ಬದಲು ಮೈ ಏನು ಮಾಡಿತು ಎಂದು ಕೇಳಿ. ‘ಎಲ್ಲೆಲ್ಲಿ ನಿಮ್ಮ ಬಲಗಾಲು ತಾನಾಗಿ ಬ್ರೇಕ್ ಒತ್ತಿತು? ಬಾಗಿಲ ಮೇಲಿನ ಹಿಡಿಕೆಗೆ ಯಾವಾಗ ಕೈ ಹೋಯಿತು?’ ಆ ಜಾಗಗಳನ್ನು ಬರೆದುಕೊಳ್ಳಿ. ಕೆಲವು ದಿನ ಕಳೆದ ಮೇಲೆ ನೋಡಿದರೆ ಅದೇ ತಿರುವು, ಅದೇ ಹಂಪ್, ಅದೇ ಸರ್ವಿಸ್ ರಸ್ತೆಯ ಬಾಯಿ ಪದೇ ಪದೇ ಬಂದಿರುತ್ತವೆ. ಕೇಳುವಾಗ ವಾದಕ್ಕಿಳಿಯಬೇಡಿ. ಒಂದು ಸಲ ಜಗಳ ಆಡಿದರೆ ಮರುದಿನದಿಂದ ಎಲ್ಲವೂ ‘ಚೆನ್ನಾಗಿತ್ತು’.

ಕೊನೆಯದಾಗಿ, ಚುಟುಕಾಗಿ

ಪುಟದಲ್ಲಿ ಜಾಗ ಮುಗಿಯುತ್ತಿದೆ. ಅಂಕ ಹಾಕುವುದು ಸುಲಭ: ಐದು ವಿಷಯಕ್ಕೆ ತಲಾ ಎರಡು. ಮೂರನೇ ದಿನದಿಂದ ವಾರದ ಕೊನೆಯವರೆಗೆ ಗೀಟು ಇಲ್ಲದಿದ್ದರೆ ಎರಡು, ಒಂದೋ ಎರಡೋ ಇದ್ದರೆ ಒಂದು, ಅದಕ್ಕಿಂತ ಹೆಚ್ಚಾದರೆ ಸೊನ್ನೆ. ಅಂತರಕ್ಕೆ ಮಾತ್ರ ಬೇರೆ: ಹತ್ತು ಸಲ ಎಣಿಸಿ, ಎಂಟು ಸಲ ಮೂರು ಸೆಕೆಂಡು ಸಿಕ್ಕರೆ ಎರಡು, ಐದರಿಂದ ಏಳು ಸಲ ಸಿಕ್ಕರೆ ಒಂದು. ಹೆಜ್ಜೆ 2ರಲ್ಲಿ ಸಿಕ್ಕ ದಂಡ, ಗೀರುಗಳು ಹಾಳೆಯ ಕೆಳಗಿರಲಿ, ಕೂಡಿ ಕಳೆಯಬೇಡಿ. ಮೊದಲ ವಾರ ಮೂರೋ ನಾಲ್ಕೋ ಬಂದರೆ ಗಾಬರಿಯಾಗಬೇಡಿ. ಎಂಟು ಬಂದರೆ ಎಣಿಸಿದವರನ್ನು ಬದಲಿಸಿ.

ರಾತ್ರಿ: ಡಿಮ್ ಲೈಟಿನ ಬೆಳಕು ಸುಮಾರು 40-50 ಮೀಟರ್ ದೂರಕ್ಕಷ್ಟೇ. 80ರ ವೇಗದಲ್ಲಿರುವ ಕಾರು ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲೇ 60 ಮೀಟರ್ ದಾಟುತ್ತದೆ. ಮಳೆ: ಓಡುವಾಗ ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತಾ ಹೋಗಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂಬುದು ಹಿಂದಿನವರಿಗೆ ತಿಳಿಯುವುದಿಲ್ಲ. ಘಾಟಿ: ಕಿರಿದಾದ ಜಾಗದಲ್ಲಿ ಹತ್ತುವವರಿಗೆ ಮೊದಲ ದಾರಿ, ಇದು ಸೌಜನ್ಯವಲ್ಲ, ನಿಯಮ. ಇಳಿಯುವಾಗ ನ್ಯೂಟ್ರಲ್ ಬೇಡ.

ದ್ವಿಚಕ್ರದವರು ಇದೇ ಹಾಳೆ ಬಳಸಬಹುದು. ಹಿಂದೆ ಕೂತವರು ಓಡುವ ಗಾಡಿಯಲ್ಲಿ ಗೀಟು ಎಳೆಯಲು ಹೋಗಬಾರದು, ಇಳಿದ ಮೇಲೆ ಲೆಕ್ಕ ಹೇಳಲಿ. ಬ್ರೇಕಿನ ಲೆಕ್ಕ ಅವರಿಗೆ ಇನ್ನೂ ಸುಲಭ. ಅವರ ಹೆಲ್ಮೆಟ್ ಬಂದು ನಿಮ್ಮ ಹೆಲ್ಮೆಟ್ಟಿಗೆ ‘ಟಕ್’ ಎಂದು ಬಡಿದ ಪ್ರತಿ ಸಲಕ್ಕೂ ಒಂದು ಗೀಟು.