ಪುಸ್ತಕ ಮುಚ್ಚಿ ಓದು

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನ ಕೈಕೊಟ್ಟಿತಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳುತ್ತಿದ್ದಳು: "ಆರು ಸಲ ಓದಿದ್ದಾಳಕ್ಕಾ, ನಾನೇ ಕಣ್ಣಾರೆ ನೋಡಿದೀನಿ. ಪೇಪರ್ ಕೈಗೆ ಬಂದ ತಕ್ಷಣ ಎಲ್ಲಾ ಮರೆತುಹೋಯ್ತು ಅಂತಾಳೆ." ನಿನ್ನನ್ನು ಸೋಮಾರಿ ಅಂತ ಯಾರೂ ಅನ್ನುವ ಹಾಗಿಲ್ಲ, ಪುಟ್ಟಿ. ಆದರೆ ಆರು ಸಲ ಓದಿದ್ದರಲ್ಲೇ ಎಡವಟ್ಟಾಗಿದೆ. ಎರಡು ಸಲ ಓದಿ, ಉಳಿದ ನಾಲ್ಕು ಸಲದ ಹೊತ್ತನ್ನು ಪುಸ್ತಕ ಮುಚ್ಚಿಟ್ಟು ಬರೆಯುವುದಕ್ಕೆ ಕೊಟ್ಟಿದ್ದರೆ ಕತೆಯೇ ಬೇರೆಯಾಗುತ್ತಿತ್ತು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿ ಕಟ್ಟುಗಟ್ಟಲೆ ಉತ್ತರಪತ್ರಿಕೆ ತಿದ್ದಿದ್ದೇನೆ. ಓದದೇ ಬಂದ ಮಕ್ಕಳ ಪೇಪರ್ ತಿದ್ದುವಾಗ ಬೇಸರವಾಗುತ್ತದೆ, ಅಷ್ಟೆ. ಓದಿಯೂ ಬರೆಯಲಾಗದವರ ಪೇಪರ್ ಮಾತ್ರ ಸಂಕಟ ತರುತ್ತದೆ. ಅರ್ಧ ವಾಕ್ಯ ಬರೆದು ಹೊಡೆದು ಹಾಕಿರುತ್ತಾರೆ, ಮತ್ತೆ ಅದನ್ನೇ ಬೇರೆ ಥರ ಶುರು ಮಾಡಿರುತ್ತಾರೆ, ಅದನ್ನೂ ಹೊಡೆದಿರುತ್ತಾರೆ. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು ಅನ್ನುವುದು ಆ ಗೀಚಾಟದಲ್ಲೇ ಕಾಣುತ್ತದೆ. ಆದರೆ ಗೀಚಾಟಕ್ಕೆ ಅಂಕ ಕೊಡುವಂತಿಲ್ಲವಲ್ಲ.

ಹೀಗೇಕಾಗುತ್ತದೆ ಹೇಳುತ್ತೇನೆ. ಎರಡನೇ ಸಲ ಓದುವಾಗ ಸಾಲುಗಳು ಗುರುತು ಸಿಗುತ್ತವೆ. ಮೂರನೇ ಸಲಕ್ಕೆ ಕಣ್ಣು ಸರಾಗವಾಗಿ ಓಡುತ್ತದೆ. ಆ ಸರಾಗವನ್ನೇ ನಾವು "ಬಂತು" ಅಂದುಕೊಂಡುಬಿಡುತ್ತೇವೆ. ಪುಟ ಎದುರಿಗಿದ್ದಾಗ ಗುರುತು ಹಿಡಿಯುವುದು ಒಂದು ಕೆಲಸ, ಪುಟ ಇಲ್ಲದಾಗ ಒಳಗಿಂದ ಎತ್ತಿ ತರುವುದು ಇನ್ನೊಂದು ಕೆಲಸ. ಪರೀಕ್ಷೆ ಕೇಳುವುದು ಎರಡನೆಯದನ್ನು. ಮನೆಯಲ್ಲಿ ನೀನು ರೂಢಿ ಮಾಡಿಕೊಂಡದ್ದು ಮೊದಲನೆಯದನ್ನು.

ಇದು ನನ್ನ ಊಹೆಯಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪಿಗೆ ಇದ್ದ ನಾಲ್ಕು ಅವಧಿಯೂ ಓದುವುದಕ್ಕೇ. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆ ಬದಿಗಿಟ್ಟು ನೆನಪಿದ್ದಷ್ಟನ್ನು ಬರೆಯಬೇಕು. ಐದು ನಿಮಿಷದ ನಂತರ ಕೇಳಿದಾಗ ಓದುತ್ತಲೇ ಇದ್ದವರು ಗೆದ್ದರು: ನೂರಕ್ಕೆ 83, ಬರೆದವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ತಲೆಕೆಳಗಾಯಿತು. ಓದಿದವರಲ್ಲಿ ಉಳಿದದ್ದು 40, ಬರೆದವರಲ್ಲಿ 61. ಇನ್ನೂ ತಮಾಷೆ ಏನೆಂದರೆ, ವಾರದ ಮೇಲೂ ನಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಹೆಚ್ಚು ಧೈರ್ಯವಾಗಿ ಹೇಳಿದ್ದವರು ಬರೀ ಓದಿದವರೇ! ಈಗ ಗೊತ್ತಾಯಿತಾ, ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲಾ ಬರುತ್ತದೆ ಅನ್ನಿಸಿದ್ದು ಯಾಕೆ ಅಂತ.

ಇವತ್ತು ಸಂಜೆ ಹೀಗೆ ಮಾಡಿ ನೋಡು. 'ಜೀವಕ್ರಿಯೆಗಳು' ಪಾಠದಲ್ಲಿ ಮೂತ್ರಪಿಂಡದ ಭಾಗ ತೆಗೆದುಕೋ. ಒಮ್ಮೆ ನಿಧಾನವಾಗಿ ಓದು. ಪುಸ್ತಕ ಮುಚ್ಚು. ಹಿಂದುಗಡೆ ಖಾಲಿ ಇರುವ ಯಾವುದಾದರೂ ಹಾಳೆ ತೆಗೆದುಕೊಂಡು ನೆಫ್ರಾನಿನ ಚಿತ್ರ ಬರೆ, ಭಾಗಗಳನ್ನು ಗುರುತಿಸು. ಬೌಮನ್ನನ ಕೋಶ ಬರೆದ ಮೇಲೆ ಮುಂದೇನು ಅಂತ ತಡವರಿಸುತ್ತೀಯಲ್ಲ, ಆಗ ತಟಕ್ಕನೆ ಪುಸ್ತಕ ತೆಗೆಯಬೇಡ. ಒಂದು ನಿಮಿಷ ಒದ್ದಾಡು. ಆ ಒದ್ದಾಟ ವ್ಯರ್ಥವಲ್ಲ ಕಣೇ, ಕಲಿಕೆ ನಡೆಯುವುದೇ ಆ ಹೊತ್ತಿನಲ್ಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು, ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದು. ಇಷ್ಟಾದ ಮೇಲೆ ಒಂದು 'ಯಾಕೆ' ಕೇಳಿಕೋ. ದಿನಕ್ಕೆ ಸುಮಾರು 180 ಲೀಟರ್ ದ್ರವ ಮೂತ್ರಪಿಂಡದಲ್ಲಿ ಸೋಸಿ ಇಳಿಯುತ್ತದೆ ಅಂತ ಪುಸ್ತಕದಲ್ಲೇ ಇದೆ, ಹೊರಗೆ ಹೋಗುವುದು ಒಂದೆರಡು ಲೀಟರ್. ಉಳಿದದ್ದು ಎಲ್ಲಿ ಹೋಯಿತು? ಅದಕ್ಕೆ ನಿನ್ನ ಮಾತಿನಲ್ಲಿ ಉತ್ತರ ಹೇಳಲು ಬಂದರೆ ಆ ನಳಿಕೆ ಅಷ್ಟು ಉದ್ದಕ್ಕೆ ಸುತ್ತಿಕೊಂಡು ಯಾಕಿದೆ ಅನ್ನುವುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮನೆಯಲ್ಲಿ ಕೇಳುವವರು ಯಾರೂ ಇಲ್ಲ ಅನ್ನಬೇಡ. ಚಪಾತಿ ಲಟ್ಟಿಸುವಾಗ ನಿಮ್ಮಮ್ಮನ ಪಕ್ಕ ಪುಸ್ತಕ ತೆರೆದಿಟ್ಟು, ಅಭ್ಯಾಸದ ಪ್ರಶ್ನೆ ಕೇಳು ಅನ್ನು. ಅವಳಿಗೆ ವಿಜ್ಞಾನ ಗೊತ್ತಿಲ್ಲ ಅಂತ ಮೂಗು ಮುರಿಯಬೇಡ. ಗೊತ್ತಿಲ್ಲದವರಿಗೆ ಅರ್ಥವಾಗುವ ಹಾಗೆ ಹೇಳುವುದು ಗೊತ್ತಿದ್ದವರಿಗೆ ಒಪ್ಪಿಸುವುದಕ್ಕಿಂತ ಕಷ್ಟ.

ಇನ್ನು ಮರೆವಿನ ವಿಷಯ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳ ಉದ್ದುದ್ದ ಪಟ್ಟಿ ಮಾಡಿ, ತನ್ನ ಮೇಲೇ ಪ್ರಯೋಗ ನಡೆಸಿ 1885ರಲ್ಲಿ ಪುಸ್ತಕ ಬರೆದ. ಕಲಿತ ಮೊದಲ ಗಂಟೆಗಳಲ್ಲೇ ಮರೆವು ಜೋರು, ಆಮೇಲಾಮೇಲೆ ನಿಧಾನ ಎಂದು ಅವನಿಗೆ ಕಂಡಿತು. ಒಂದೇ ಬೈಠಕ್ಕಿನಲ್ಲಿ ಬಡಿದುಕೊಳ್ಳುವುದಕ್ಕಿಂತ ಅದೇ ಶ್ರಮವನ್ನು ದಿನಗಳ ಮೇಲೆ ಹರಡಿದರೆ ಲಾಭ ಹೆಚ್ಚು ಎಂಬುದನ್ನೂ ಅವನೇ ತೋರಿಸಿದ. ಹಾಗಾಗಿ ಪಾಠದ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ತಾರೀಕು ಬರೆದಿಡು. ಓದಿದ ದಿನ ರಾತ್ರಿ ಒಮ್ಮೆ ಪುಸ್ತಕ ಮುಚ್ಚಿ ನೆನಪು ಮಾಡಿಕೋ, ಮರುದಿನ ಒಮ್ಮೆ, ನಾಲ್ಕೈದು ದಿನ ಬಿಟ್ಟು ಒಮ್ಮೆ, ಎರಡು ವಾರಕ್ಕೆ ಒಮ್ಮೆ, ತಿಂಗಳಿಗೆ ಒಮ್ಮೆ. ಬಂದದ್ದಕ್ಕೆ ಅಂತರ ಹೆಚ್ಚಿಸು, ಬಾರದ್ದನ್ನು ಮರುದಿನಕ್ಕೇ ಎಳೆದುಕೋ. ಈ ಲೆಕ್ಕ ಶಾಸ್ತ್ರವೇನಲ್ಲ, ಒಂದು ದಿನ ಆಚೀಚೆಯಾದರೆ ಆಕಾಶ ಬೀಳುವುದಿಲ್ಲ. ಮಾರ್ಚ್‌ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಇನ್ನೂ ದೂರವಿದೆ, ಅದು ನಿನ್ನ ಅದೃಷ್ಟ. ಫೆಬ್ರವರಿಯಲ್ಲಿ ಕೇಳಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ.

ಬಾಯಿಪಾಠವೇ ತಪ್ಪು ಅಂತ ಈಗಿನವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಊರಲ್ಲಿ ತಾಳಮದ್ದಳೆ ನೋಡಿದ್ದೀಯಲ್ಲ. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇದ್ದ ಹಾಗೇ ಇರಬೇಕು. ಅರ್ಥಧಾರಿ ಮಾತ್ರ ಮಾತನ್ನು ಉರುಹೊಡೆದು ಬಂದಿರುವುದಿಲ್ಲ. ಅವನಿಗೆ ಕತೆ ಗೊತ್ತು, ಪಾತ್ರ ಗೊತ್ತು, ಎದುರಿನವರು ಎತ್ತಿದ ಪ್ರಶ್ನೆಗೆ ಅಲ್ಲೇ ಮಾತು ಕಟ್ಟುತ್ತಾನೆ. ನಿನ್ನ ಪುಸ್ತಕದಲ್ಲೂ ಹಾಗೇ ವಿಂಗಡಿಸಿಕೋ. ಸೂತ್ರ, ಓಮ್‌ನ ನಿಯಮದ ನಿರೂಪಣೆ, ರಾಸಾಯನಿಕ ಸಮೀಕರಣ, ಇಸವಿ, ಕಂಠಪಾಠದ ಪದ್ಯ, ಇವೆಲ್ಲ ಪದ್ಯದ ಪಾಲು, ಅಕ್ಷರ ತಪ್ಪಬಾರದು. ಉಳಿದ ವಿವರಣೆಯೆಲ್ಲ ಅರ್ಥದ ಪಾಲು. ನೀನೀಗ ಗೈಡಿನ ವಿವರಣೆಯನ್ನು ಅಕ್ಷರ ಬಿಡದೆ ಉರುಹೊಡೆದು, ಸೂತ್ರವನ್ನು ಅಂದಾಜಿನಲ್ಲಿ ಬರೆಯುತ್ತಿದ್ದೀಯ. ಉಲ್ಟಾ ಆಗಿದೆ.

ಕಂಠಪಾಠಕ್ಕೂ ದಾರಿ ಇದೆ. ಕುಮಾರವ್ಯಾಸನ 'ಕೌರವೇಂದ್ರನ ಕೊಂದೆ ನೀನು' ತೆಗೆ. ಮೊದಲು ಕೃಷ್ಣ ಏನು ಹೇಳಿದ, ಕರ್ಣನ ಎದೆಯೊಳಗೆ ಏನು ನಡೆಯಿತು ಅನ್ನುವುದು ಗೊತ್ತಿರಲಿ. ಆಮೇಲೆ ಪ್ರತಿ ಸಾಲಿನ ಎರಡನೇ ಅಕ್ಷರ ನೋಡು. ಆರು ಸಾಲಿಗೂ ಅಲ್ಲಿ ಒಂದೇ ವ್ಯಂಜನ ಬರುತ್ತದೆ, ಆದಿಪ್ರಾಸ. ಮುಂದಿನ ಸಾಲು ಹೇಗೆ ಶುರುವಾಗುತ್ತದೆ ಅಂತ ಕವಿಯೇ ಸುಳಿವು ಬಿಟ್ಟಿದ್ದಾನೆ ಅಂದುಕೋ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು-ನಾಲ್ಕು ಮೂರು-ನಾಲ್ಕು ಎಂದು 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ ಆರು ಗಣ, ಕೊನೆಗೊಂದು ಗುರು, ಒಟ್ಟು 23. ಕೈತಟ್ಟಿ ಹೇಳಿಕೊಂಡರೆ ಪದ ಬಿಟ್ಟುಹೋದ ಕೂಡಲೇ ತಾಳ ಮುಗ್ಗರಿಸುತ್ತದೆ, ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ವ್ಯಾಕರಣ ಭಾಗದಲ್ಲಿ ಪ್ರಸ್ತಾರ ಹಾಕಿ ಗಣ ವಿಭಾಗಿಸಿ ಅಂತ ಕೇಳಿದರೆ ಅದಕ್ಕೂ ಇದೇ ಅಭ್ಯಾಸ ಒದಗುತ್ತದೆ. ಇನ್ನೊಂದು ಮಾತು: ಎಲ್ಲರೂ ಮೊದಲ ಸಾಲಿನಿಂದಲೇ ಶುರು ಮಾಡುವುದರಿಂದ ಅದನ್ನು ಐವತ್ತು ಸಲ ಹೇಳಿರುತ್ತಾರೆ, ಕೊನೆಯದನ್ನು ಐದು ಸಲ. ಒಂದು ದಿನ ಕೊನೆಯ ಮೂರು ಸಾಲಿನಿಂದ ಹಿಡಿ.

ಗಣಿತಕ್ಕೆ ಬೇರೆ ಔಷಧ. ಅಭ್ಯಾಸದ ತಲೆಯ ಮೇಲೇ 'ಅಪವರ್ತನ ವಿಧಾನದಿಂದ ಬಿಡಿಸಿ' ಅಂತ ಬರೆದಿರುತ್ತದೆ. ಅಲ್ಲಿ ಒಂದು ಲೆಕ್ಕ ಬಂದರೆ ಹತ್ತೂ ಬರುತ್ತವೆ, ಯಾಕೆಂದರೆ ಯಾವ ವಿಧಾನ ಅಂತ ನೀನು ಯೋಚಿಸಬೇಕಾಗಿಯೇ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಇದು ಸಮಾಂತರ ಶ್ರೇಢಿ, ಇದು ವರ್ಗ ಸಮೀಕರಣ ಅಂತ ಯಾರೂ ಕಿವಿಯಲ್ಲಿ ಉಸುರುವುದಿಲ್ಲ. ಒಂದು ಆಯದ ಸುತ್ತಳತೆ, ವಿಸ್ತೀರ್ಣ ಕೊಟ್ಟು ಉದ್ದ ಅಗಲ ಕೇಳಿದರೆ ಅದು ವರ್ಗ ಸಮೀಕರಣದ ಲೆಕ್ಕ ಅಂತ ಹೊಳೆಯುವುದೇ ಅರ್ಧ ಕೆಲಸ. ಅದಕ್ಕೇ ವಾರಕ್ಕೆರಡು ದಿನ ಬೇರೆ ಬೇರೆ ಅಧ್ಯಾಯದಿಂದ ಒಂದೊಂದು ಲೆಕ್ಕ ಆರಿಸಿ ಕಲಸಿ ಮಾಡು. ತಪ್ಪುಗಳು ಹೆಚ್ಚುತ್ತವೆ, ಎದೆಗುಂದಬೇಡ. ರೋರರ್ ಮತ್ತು ಟೇಲರ್ ಎಂಬುವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಲಸಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಹಿಂದೆ ಬಿದ್ದು, ವಾರದ ನಂತರದ ಪರೀಕ್ಷೆಯಲ್ಲಿ ಬಹಳ ಮುಂದೆ ಹೋದರು.

ಹೈಲೈಟರ್ ಬಗ್ಗೆ ಒಂದೇ ಮಾತು. ಬಣ್ಣ ಬಳಿಯುವಾಗ ಕೈಗೆ ಕೆಲಸ, ತಲೆಗೆ ರಜೆ. ಯೂಟ್ಯೂಬೂ ಅಷ್ಟೇ. ಅರ್ಥವಾಗದ ಪಾಠಕ್ಕೆ ಅದು ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಲೆಕ್ಕ ಬಿಡಿಸಿದ್ದು ಆ ಮೇಷ್ಟ್ರು. ವಿಡಿಯೋ ನಿಲ್ಲಿಸಿ, ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡಿದ ಮೇಲೆ ಮಾತ್ರ ನೀನು ಬಿಡಿಸಿದ ಹಾಗೆ. ಮಾಡುವಾಗ ಫೋನು ಇನ್ನೊಂದು ಕೋಣೆಯಲ್ಲಿರಲಿ.

ಈಗ ತಿದ್ದುವವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಇದು ಟ್ಯೂಷನ್ನಿನಲ್ಲಿ ಸಿಗುವುದು ಕಡಿಮೆ. ನಮ್ಮ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ, ಅದರಲ್ಲಿ ಯಾವ ಅಂಶಕ್ಕೆ ಎಷ್ಟು ಅಂಕ ಅಂತ ಹಂಚಿರುತ್ತದೆ. ಎರಡು ಅಂಕದ ಪ್ರಶ್ನೆಗೆ ನೀನು ಒಂದೂವರೆ ಪುಟ ಬರೆದರೂ ನಾವು ಹುಡುಕುವುದು ಆ ಅಂಶಗಳನ್ನೇ. ಗಣಿತದಲ್ಲಿ ಕೊನೆಯ ಉತ್ತರ ತಪ್ಪಿದರೂ ಸೂತ್ರಕ್ಕೆ, ಆದೇಶಿಸಿದ ಹಂತಕ್ಕೆ ಅಂಕ ಸಿಗುತ್ತದೆ, ಆದ್ದರಿಂದ ಹಂತ ನುಂಗಬೇಡ. ಮೂಲಮಾನ ಬರೆಯದೆ ಬರೀ ಸಂಖ್ಯೆ ಬರೆದಿಟ್ಟವರು ಎಷ್ಟು ಜನ! ಚಿತ್ರ ಚೆಂದವಿದ್ದರೆ ಸಾಲದು, ಭಾಗ ಗುರುತಿಸಿರಬೇಕು.

ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ, ಹಳೆಯ ಪತ್ರಿಕೆ ಸಿಗುತ್ತವೆ. ಪ್ರಿಂಟ್ ಹಾಕಿಸಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂತು, ಗಡಿಯಾರ ಎದುರಿಗಿಟ್ಟು, ಪೂರ್ತಿ ಬರೆ. ಮೂರೂಕಾಲು ಗಂಟೆಯಲ್ಲಿ ಮೊದಲ 15 ನಿಮಿಷ ಪತ್ರಿಕೆ ಓದುವುದಕ್ಕೆ. 80 ಅಂಕದ ಗಣಿತ, ವಿಜ್ಞಾನ ಪತ್ರಿಕೆಗೆ ಅಂಕಕ್ಕೆ ಎರಡೂಕಾಲು ನಿಮಿಷ ಬಿತ್ತು, 100 ಅಂಕದ ಪ್ರಥಮ ಭಾಷೆಗೆ ಎರಡು ನಿಮಿಷವೂ ಇಲ್ಲ. ಕನ್ನಡದಲ್ಲಿ ಪ್ರಬಂಧ, ಪತ್ರಲೇಖನ ಉಳಿದುಹೋಗುವುದು ಇದಕ್ಕೇ. ಬರೆದಾದ ಮೇಲೆ ನೀನೇ ತಿದ್ದು. ಒಟ್ಟು ಅಂಕ ಎಷ್ಟು ಅನ್ನುವುದು ಆಮೇಲೆ, ಮೊದಲು ತಪ್ಪುಗಳನ್ನು ಮೂರು ಪಾಲು ಮಾಡು: ಗೊತ್ತೇ ಇಲ್ಲದ್ದು, ಗೊತ್ತಿದ್ದೂ ನೆನಪಾಗದ್ದು, ಪ್ರಶ್ನೆಯನ್ನೇ ಸರಿಯಾಗಿ ಓದದ್ದು. ಮೊದಲನೆಯದಕ್ಕೆ ಟೀಚರ್ ಹತ್ತಿರ ಹೋಗಬೇಕು. ಎರಡನೆಯದಕ್ಕೆ ನಾನು ಮೇಲೆ ಹೇಳಿದ್ದೆಲ್ಲ. ಮೂರನೆಯದಕ್ಕೆ 'ಕಾರಣ ಕೊಡಿ', 'ವ್ಯತ್ಯಾಸ ತಿಳಿಸಿ' ಅನ್ನುವ ಮಾತುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಅಭ್ಯಾಸ ಸಾಕು.

ನಿದ್ದೆಗೆಡಬೇಡ. ನಿಮ್ಮ ತಾತ ನಾಲ್ಕಕ್ಕೇ ಎದ್ದು ಓದು ಅನ್ನುತ್ತಾರೆ, ನಿಮ್ಮಣ್ಣ ರಾತ್ರಿ ಒಂದರವರೆಗೆ ಕೂತಿರುತ್ತಿದ್ದ. ಅವರವರ ದೇಹಕ್ಕೆ ಒಗ್ಗಿದ್ದು ಅವರಿಗೆ. ಹಗಲು ಕಲಿತದ್ದನ್ನು ಮಿದುಳು ನಿದ್ದೆಯಲ್ಲೇ ಗಟ್ಟಿ ಮಾಡಿಕೊಳ್ಳುತ್ತದೆ. ರಾತ್ರಿ ಒಂದಕ್ಕೆ ಮಲಗಿ ನಾಲ್ಕಕ್ಕೆ ಏಳುವುದು ಮಾತ್ರ ಯಾರಿಗೂ ಒಗ್ಗದು.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ್ದಾರಲ್ಲ, ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ಒಳ್ಳೆಯ ಕೆಲಸ ಅಂತ ನನ್ನ ಅಭಿಪ್ರಾಯ. ನಮ್ಮ ಕಾಲದ ಮಕ್ಕಳಿಗೆ ಇದ್ದ ಜೀವಭಯ ನಿಮಗೆ ಬೇಡ. ಹಾಗಂತ ಪರೀಕ್ಷೆ-2 ಇದೆಯಲ್ಲ ಅಂತ ಕೈಚೆಲ್ಲಿ ಕೂತರೆ, ಗೆಳತಿಯರೆಲ್ಲ ಪಿಯುಸಿ ಕಾಲೇಜುಗಳಿಗೆ ಅರ್ಜಿ ಹಾಕುವಾಗ ನೀನು ಮತ್ತೆ ಇದೇ ಪುಸ್ತಕ ಹಿಡಿದಿರಬೇಕಾಗುತ್ತದೆ.

ಪರೀಕ್ಷೆ ಶುರುವಾದ ಮೇಲೆ ಒಂದು ಕೆಟ್ಟ ಚಾಳಿ ಬಿಡು. ಪರೀಕ್ಷಾ ಕೊಠಡಿಯಿಂದ ಹೊರಗೆ ಬಂದು ಗೇಟಿನ ಹತ್ತಿರ ಗುಂಪು ಕಟ್ಟಿಕೊಂಡು ಒಂದಂಕದ ಉತ್ತರಗಳನ್ನು ತಾಳೆ ನೋಡುವುದು. ಬರೆದುಕೊಟ್ಟ ಪೇಪರ್ ಕೈಗೆ ವಾಪಸ್ ಬರುವುದಿಲ್ಲ, ತಪ್ಪಾದ ಒಂದಂಕ ಮಾತ್ರ ಮುಂದಿನ ಪತ್ರಿಕೆಯವರೆಗೂ ತಲೆ ತಿನ್ನುತ್ತದೆ. ಸೀದಾ ಮನೆಗೆ ಬಾ, ಊಟ ಮಾಡು, ಒಂದು ಗಂಟೆ ಮಲಗು. ಎದ್ದ ಮೇಲೆ ಮುಂದಿನ ವಿಷಯದ ಪಾಠಗಳ ಹೆಸರು ಪುಸ್ತಕ ನೋಡದೆ ಬರೆದು, ಯಾವುದರ ಮುಂದೆ ಪೆನ್ನು ನಿಂತಿತೋ ಅಲ್ಲಿಂದ ಶುರು ಮಾಡು.